ವ್ಯಸನಮುಕ್ತಿ: ಸಂಕಲ್ಪದೊಡನೆ ಚಿಕಿತ್ಸೆಯೂ ಇರಲಿ

ಕನ್ನಡದಲ್ಲಿ ‘ವ್ಯಸನ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಬಿಡಲಾಗದ ಕೆಟ್ಟ ಚಟ ಎಂಬುದು ಒಂದು. ದುಃಖ, ಸಂಕಟ ಎಂಬುದು ಇನ್ನೊಂದು. ಒಂದೇ ಪದದಲ್ಲಿ ಈ ಎರಡು ಅರ್ಥಗಳು ಕೂಡಿರುವುದು ಅನುಭವಕ್ಕೆ ತಕ್ಕುದಾಗಿಯೇ ಇದೆ. ಚಟವು ಮನೆಯಲ್ಲಿ ಒಬ್ಬನಿಗೆ ಅಂಟಿಕೊಳ್ಳುತ್ತದೆ. ದುಃಖವನ್ನು ಮಾತ್ರ ಮನೆಮಂದಿಯೆಲ್ಲ ಉಣ್ಣಬೇಕಾಗುತ್ತದೆ.

ಶ್ರಾವಣ ಮಾಸ ಸಮೀಪಿಸಿದಂತೆ ಅನೇಕ ಸದ್ಭಕ್ತರು ಗುರುಗಳ ಸನ್ನಿಧಿಯಲ್ಲಿ ಮದ್ಯಪಾನವನ್ನು, ತಂಬಾಕನ್ನು ತ್ಯಜಿಸುವ ಸಂಕಲ್ಪ ಮಾಡುತ್ತಾರೆ. ಇದು ನಮ್ಮ ನಾಡಿನ ಮಠಗಳು ಬೆಳೆಸಿಕೊಂಡು ಬಂದ ಮಂಗಳಕರ ಸಂಪ್ರದಾಯ. ಆದರೆ ವೈದ್ಯರಾದ ನಾವು ಇದಕ್ಕೆ ಒಂದು ಮಾತನ್ನು ಸೇರಿಸಲೇಬೇಕಾಗಿದೆ. ಬಹುಕಾಲ ಕುಡಿದ ಶರೀರವು ಮನಸ್ಸಿನಷ್ಟು ಬೇಗ ಸಂಕಲ್ಪವನ್ನು ಒಪ್ಪುವುದಿಲ್ಲ. ಕೆಲವರಲ್ಲಿ ಸಂಕಲ್ಪದ ಎರಡನೆಯ ಅಥವಾ ಮೂರನೆಯ ದಿನ ಪ್ರಾಣಕ್ಕೇ ಅಪಾಯ ಒದಗಬಹುದು. ಆದಕಾರಣ ಮಾದಕ ವಸ್ತುಗಳು ಶರೀರ, ಸಂಸಾರ, ಸಮಾಜಗಳ ಮೇಲೆ ಮಾಡುವ ಪರಿಣಾಮವನ್ನೂ, ಅವುಗಳಿಂದ ಸುರಕ್ಷಿತವಾಗಿ ಹೊರಬರುವ ಮಾರ್ಗವನ್ನೂ ಈ ಲೇಖನದಲ್ಲಿ ಕ್ರಮವಾಗಿ ವಿಚಾರ ಮಾಡೋಣ.

ಆಯುರ್ವೇದವು ಕಂಡ ಮದ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯ ಎಂಬ ರೋಗಕ್ಕೇ ಮೀಸಲಾಗಿದೆ. ಮದಾತ್ಯಯವೆಂದರೆ ಮದ್ಯದ ಅತಿ ಸೇವನೆಯಿಂದ ಹುಟ್ಟುವ ವಿಕಾರ. ಕುಡಿತವನ್ನು ದುರ್ನಡತೆಯೆಂದು ಮಾತ್ರ ಬಗೆಯದೆ, ದೋಷ, ಲಕ್ಷಣ, ಚಿಕಿತ್ಸೆಗಳುಳ್ಳ ವ್ಯಾಧಿಯೆಂದು ನಮ್ಮ ಪ್ರಾಚೀನ ಆಚಾರ್ಯರು ಗುರುತಿಸಿದ್ದರೆಂಬುದು ಇಲ್ಲಿ ಮುಖ್ಯ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ.

ಸಪ್ತಧಾತುಗಳ ಸಾರವನ್ನು ಆಯುರ್ವೇದವು ಓಜಸ್ಸು ಎಂದು ಕರೆಯುತ್ತದೆ. ಹೃದಯದಲ್ಲಿ ನೆಲೆಸಿ ಶರೀರಕ್ಕೆ ಬಲವನ್ನೂ ಮನಸ್ಸಿಗೆ ಸ್ಥೈರ್ಯವನ್ನೂ ಕೊಡುವುದು ಅದೇ. ಓಜಸ್ಸಿಗೆ ಹತ್ತು ಗುಣಗಳು. ಮದ್ಯಕ್ಕೂ ಹತ್ತು ಗುಣಗಳು. ಇವೆರಡೂ ಒಂದಕ್ಕೊಂದು ವಿರುದ್ಧ. ಓಜಸ್ಸು ಗುರು, ಮದ್ಯ ಲಘು. ಓಜಸ್ಸು ಶೀತ, ಮದ್ಯ ಉಷ್ಣ. ಓಜಸ್ಸು ಮೃದು, ಮದ್ಯ ತೀಕ್ಷ್ಣ. ಓಜಸ್ಸು ಸ್ನಿಗ್ಧ, ಮದ್ಯ ರೂಕ್ಷ. ಹೀಗೆ ಮದ್ಯವು ಓಜಸ್ಸನ್ನು ಕದಡಿ ಚಿತ್ತವನ್ನು ವಿಕಾರಗೊಳಿಸುತ್ತದೆ. ವಿಷದಲ್ಲಿರುವ ಗುಣಗಳೇ ಮದ್ಯದಲ್ಲಿಯೂ ಇವೆ, ವಿಷದಲ್ಲಿ ಅವು ಇನ್ನಷ್ಟು ಬಲವಾಗಿವೆ, ಅಷ್ಟೇ ವ್ಯತ್ಯಾಸ ಎಂಬುದು ಶಾಸ್ತ್ರದ ಅಭಿಪ್ರಾಯ.

‘ಶಾಸ್ತ್ರದಲ್ಲಿ ಮಿತವಾದ ಮದ್ಯಕ್ಕೆ ಅನುಮತಿ ಇದೆಯಲ್ಲವೆ?’ ಎಂದು ಕೆಲವರು ನಮ್ಮನ್ನು ಕೇಳುವುದುಂಟು. ವಿಧಿ, ಮಾತ್ರೆ, ಕಾಲ, ಆಹಾರ, ಬಲ ಇವೆಲ್ಲವನ್ನೂ ಅರಿತು ಸೇವಿಸುವ ಮಾತನ್ನು ಚರಕರು ಹೇಳಿರುವುದು ನಿಜ. ಆದರೆ ವ್ಯಸನಿಯು ಈಗಾಗಲೇ ಕಳೆದುಕೊಂಡಿರುವುದೇ ಆ ಅಳತೆಯ ಅರಿವನ್ನು. ಅಲ್ಲದೆ ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಗ್ರಂಥದ ಒಂದು ವಾಕ್ಯವನ್ನು ಬಾಟಲಿಗೆ ಆಧಾರ ಮಾಡಿಕೊಳ್ಳುವುದು ಶಾಸ್ತ್ರಕ್ಕೆ ಬಗೆವ ಅಪಚಾರ.

ಗಾಂಜಾ, ಅಫೀಮುಗಳ ವಿಷಯವೂ ಹೀಗೆಯೇ. ಶಾರ್ಙ್ಗಧರ ಸಂಹಿತೆಯು ಭಂಗಿ ಮತ್ತು ಅಹಿಫೇನಗಳನ್ನು ‘ವ್ಯವಾಯಿ’ ದ್ರವ್ಯಗಳಿಗೆ ಉದಾಹರಣೆಯಾಗಿ ಕೊಡುತ್ತದೆ. ಅಂದರೆ ಜೀರ್ಣವಾಗುವುದಕ್ಕೆ ಮೊದಲೇ ಶರೀರವನ್ನೆಲ್ಲ ವ್ಯಾಪಿಸುವಂಥವು. ಅವು ಔಷಧಿಗಳಲ್ಲಿ ಬಳಕೆಯಾದದ್ದು ಶೋಧನೆಗೊಂಡು, ಅಲ್ಪ ಮಾತ್ರೆಯಲ್ಲಿ, ವೈದ್ಯನ ಕೈಯಲ್ಲಿ. ಔಷಧಿಯ ಪಟ್ಟಿಯಲ್ಲಿ ಹೆಸರಿದೆಯೆಂಬ ಕಾರಣಕ್ಕೆ ಚಿಲುಮೆ ಸೇದುವುದು ಚಿಕಿತ್ಸೆಯಾಗಲಾರದು.

ಬಿಡಲು ಏಕೆ ಆಗುವುದಿಲ್ಲ?

‘ಅವನಿಗೆ ಮನಸ್ಸಿಲ್ಲ, ಅದಕ್ಕೇ ಬಿಡುವುದಿಲ್ಲ’ ಎಂಬುದು ಮನೆಯವರ ಸಾಮಾನ್ಯ ದೂರು. ಇದು ಅರ್ಧ ಸತ್ಯ. ರೋಗಗಳ ಮೂಲ ಕಾರಣಗಳಲ್ಲೊಂದಾದ ಪ್ರಜ್ಞಾಪರಾಧವನ್ನು ವಿವರಿಸುವಾಗ ಚರಕರು ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಹೇಳುತ್ತಾರೆ. ಇದು ಹಿತ, ಇದು ಅಹಿತ ಎಂದು ತಿಳಿಯುವುದು ಧೀ. ಅಹಿತದ ಕಡೆಗೆ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುವುದು ಧೃತಿ. ಹಿಂದಿನ ಅನುಭವವನ್ನು ಸಮಯಕ್ಕೆ ನೆನಪಿಗೆ ತರುವುದು ಸ್ಮೃತಿ. ಕುಡಿತ ಕೆಟ್ಟದ್ದೆಂಬುದು ಕುಡಿಯುವವನಿಗೆ ತಿಳಿಯದ ಸಂಗತಿಯಲ್ಲ. ಬೆಳಿಗ್ಗೆ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದವನೇ ಸಂಜೆ ಅಂಗಡಿಯ ಮುಂದೆ ನಿಂತಿರುತ್ತಾನೆ. ಅವನಲ್ಲಿ ಮುರಿದಿರುವುದು ಧೃತಿ.

ಆಧುನಿಕ ವಿಜ್ಞಾನವು ಇದನ್ನೇ ಮೆದುಳಿನ ಭಾಷೆಯಲ್ಲಿ ಹೇಳುತ್ತದೆ. ಹಸಿದಾಗ ಉಂಡರೆ, ಮಕ್ಕಳನ್ನು ಅಪ್ಪಿಕೊಂಡರೆ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಿ ತೃಪ್ತಿಯ ಭಾವ ಮೂಡುತ್ತದೆ. ಮಾದಕ ವಸ್ತುಗಳು ಈ ವ್ಯವಸ್ಥೆಯನ್ನು ಬಲವಂತವಾಗಿ, ಸಹಜಕ್ಕಿಂತ ಹೆಚ್ಚಾಗಿ ಕೆರಳಿಸುತ್ತವೆ. ಬೀಡಿಯ ಹೊಗೆಯೊಡನೆ ಒಳಹೋದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ. ದಿನಗಳೆದಂತೆ ಮೆದುಳು ಇದಕ್ಕೆ ಒಗ್ಗಿ, ಮೊದಲಿನ ಪ್ರಮಾಣ ಸಾಲದೆ ಹೋಗುತ್ತದೆ. ಅದೇ ವೇಳೆ ಊಟ, ಮಕ್ಕಳು, ಭಜನೆ, ದುಡಿಮೆ ಇವುಗಳಿಂದ ದೊರೆಯುತ್ತಿದ್ದ ಸಹಜ ಸಂತೋಷವು ಕಳೆಗುಂದುತ್ತದೆ. ಆರಂಭದಲ್ಲಿ ಸುಖಕ್ಕಾಗಿ ಕುಡಿಯುವವನು ಕೊನೆಯಲ್ಲಿ ಕೈನಡುಕ ನಿಲ್ಲಲೆಂದು ಕುಡಿಯುತ್ತಾನೆ.

ಶರೀರದ ಮೇಲಾಗುವ ಹಾನಿ

ಮದ್ಯದ ಹೊರೆಯನ್ನು ಮೊದಲು ಹೊರುವುದು ಯಕೃತ್ತು. ಮೊದಲು ಅದರಲ್ಲಿ ಕೊಬ್ಬು ತುಂಬುತ್ತದೆ. ಬಳಿಕ ಉರಿಯೂತ ಬರುತ್ತದೆ. ಕೊನೆಗೆ ಅದು ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಮೊದಲ ಹಂತದಲ್ಲಿ ಮದ್ಯ ಬಿಟ್ಟರೆ ಯಕೃತ್ತು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಕೊನೆಯ ಹಂತದಲ್ಲಿ ಹೊಟ್ಟೆಯಲ್ಲಿ ನೀರು ತುಂಬುವುದು, ಕಾಮಾಲೆ, ರಕ್ತವಾಂತಿಗಳು ಕಾಣಿಸಿಕೊಂಡು ಚಿಕಿತ್ಸೆ ಕಠಿಣವಾಗುತ್ತದೆ. ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತದೊತ್ತಡ, ಕೈಕಾಲುಗಳ ಜೋಮು, ಮರೆವು, ಪುರುಷತ್ವದ ನಷ್ಟ ಇವೂ ಮದ್ಯದ ಕೊಡುಗೆಗಳೇ.

ತಂಬಾಕಿನ ವಿಷಯಕ್ಕೆ ಬರೋಣ. ಇದು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದದ್ದು. ಚರಕರು ಹೇಳಿದ ಧೂಮಪಾನವು ಔಷಧಿ ದ್ರವ್ಯಗಳ ಹೊಗೆಯೇ ಹೊರತು ತಂಬಾಕಿನದಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು.

ನಮ್ಮ ಭಾಗದಲ್ಲಿ ಬೀಡಿ, ಸಿಗರೇಟಿಗಿಂತ ಅಗಿಯುವ ಚಟವೇ ಹೆಚ್ಚು. ಎಲೆ ಅಡಿಕೆಯೊಡನೆ ತಂಬಾಕು, ಸುಣ್ಣ ತಿಕ್ಕಿದ ತಂಬಾಕು, ಕಡ್ಡಿಪುಡಿ, ಗುಟ್ಕಾ ಹೀಗೆ ಅನೇಕ ರೂಪಗಳು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿಯೇ ನಿಷೇಧವಾಯಿತು. ಬಳಿಕ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದು ರೂಢಿಯಾಯಿತು. ‘ನಾನು ತಂಬಾಕು ಹಾಕುವುದಿಲ್ಲ, ಬರೀ ಅಡಿಕೆ’ ಎನ್ನುವವರೂ ನಿಶ್ಚಿಂತರಾಗಿರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯ, ತಂಬಾಕು, ಅಡಿಕೆ ಈ ಮೂರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಅಡಿಕೆಯನ್ನು ಸದಾ ಅಗಿಯುವವರ ಬಾಯಿಯ ಒಳಪದರವು ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಇರಿಸಿ ಮೇಲಿನ ಹಾಗೂ ಕೆಳಗಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಮೂರು ಬೆರಳುಗಳು ಹಿಡಿಯದಿದ್ದರೆ, ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ಮೂರು ವಾರ ಕಳೆದರೂ ಮಾಯದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು.

ಎಳೆಯರಿಗೆ ಒಡ್ಡಿದ ಬಲೆ

ಮಾದಕ ವಸ್ತುಗಳು ಈಗ ದೊಡ್ಡ ನಗರಗಳ ಸಮಸ್ಯೆಯಾಗಿ ಉಳಿದಿಲ್ಲ. ಗಾಂಜಾ, ನಿದ್ರೆ ಮತ್ತು ನೋವಿನ ಮಾತ್ರೆಗಳು, ರಾಸಾಯನಿಕ ಮಾದಕಗಳು ಓದಲೆಂದು ಪಟ್ಟಣ ಸೇರಿದ ಮಕ್ಕಳ ಕೈಗೂ ಸಿಗುತ್ತಿವೆ. ಇನ್ನೂ ಎಳೆಯ ಮಕ್ಕಳು ಪಂಕ್ಚರ್ ಅಂಟು, ವೈಟ್ನರ್ ಮುಂತಾದವನ್ನು ಮೂಸುವ ಚಟಕ್ಕೆ ಬೀಳುತ್ತಾರೆ. ಆತ್ಮಸಂಯಮಕ್ಕೆ ಸಂಬಂಧಿಸಿದ ಮೆದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಅದಕ್ಕೆ ಮೊದಲೇ ಅಂಟಿದ ಚಟ ಆಳವಾಗಿ ಬೇರುಬಿಡುತ್ತದೆ. ಗಾಂಜಾ ಸೇವನೆಯಿಂದ ಕೆಲವು ಯುವಕರಲ್ಲಿ ಭ್ರಮೆ, ಸಂಶಯ, ಚಿತ್ತವಿಕಾರಗಳು ತಲೆದೋರುವುದುಂಟು.

ಇದ್ದಕ್ಕಿದ್ದಂತೆ ಗೆಳೆಯರ ಬಳಗ ಬದಲಾಗುವುದು, ಹಗಲು ನಿದ್ರೆ ರಾತ್ರಿ ಎಚ್ಚರ, ಕೆಂಗಣ್ಣು, ಓದಿನಲ್ಲಿ ಹಿಂಜರಿತ, ಮನೆಯ ಹಣ ಅಥವಾ ವಸ್ತುಗಳು ಕಾಣೆಯಾಗುವುದು, ಸ್ನಾನ ಊಟಗಳಲ್ಲಿ ನಿರಾಸಕ್ತಿ ಇವುಗಳನ್ನು ತಾಯಿತಂದೆಯರು ಗಮನಿಸಬೇಕು. ಒಂದು ಲಕ್ಷಣ ಕಂಡೊಡನೆ ಆರೋಪ ಹೊರಿಸಲಾಗದು. ಹಲವು ಕೂಡಿ ಬಂದರೆ ಕುಳಿತು ಮಾತನಾಡಿಸಬೇಕು. ಪೊಲೀಸರ ಭಯದಿಂದ ಚಿಕಿತ್ಸೆಯನ್ನು ಮುಂದೂಡುವ ಕುಟುಂಬಗಳು ಅನೇಕ. 1985ರ ಮಾದಕ ವಸ್ತುಗಳ ಕಾಯಿದೆಯು ಮಾರಾಟಗಾರನಿಗೆ ಕಠಿಣವಾಗಿದ್ದರೂ, ಅಲ್ಪ ಪ್ರಮಾಣದಲ್ಲಿ ಬಳಸುತ್ತಿದ್ದು ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಪಡೆಯುವ ಅವಕಾಶವನ್ನು ಕೊಟ್ಟಿದೆ. ಮಕ್ಕಳಿಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ಕೊಡುವವರಿಗೆ 2015ರ ಬಾಲನ್ಯಾಯ ಕಾಯಿದೆಯಡಿ 7 ವರ್ಷಗಳವರೆಗೆ ಕಠಿಣ ಸೆರೆವಾಸ ವಿಧಿಸಬಹುದು. ಮಗನನ್ನು ಅಂಗಡಿಗೆ ಕಳುಹಿಸಿ ತಂಬಾಕು ತರಿಸುವ ಹಿರಿಯರು, ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಅದನ್ನು ಮಾರುವುದೂ ಅಪರಾಧವೆಂಬುದನ್ನು ಅರಿಯಬೇಕು.

ಸಂಸಾರಕ್ಕೂ ಸಮಾಜಕ್ಕೂ ಬೀಳುವ ಹೊರೆ

ಒಂದು ಸರಳ ಲೆಕ್ಕ ಹಾಕೋಣ. ದಿನಕ್ಕೆ 150 ರೂಪಾಯಿಯ ಮದ್ಯ ಕುಡಿದರೆ ವರ್ಷಕ್ಕೆ 54,750 ರೂಪಾಯಿ. ದಿನಕ್ಕೆ 50 ರೂಪಾಯಿಯ ಪಾನ್ ಮಸಾಲೆ, ತಂಬಾಕಿಗೆ ವರ್ಷಕ್ಕೆ 18,250 ರೂಪಾಯಿ. ಎರಡೂ ಸೇರಿ 73,000. ಕೂಲಿಯ ಮನೆಯಲ್ಲಿ ಇದು ಮಗಳ ಕಾಲೇಜಿನ ಶುಲ್ಕ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಮುಂಗಾರಿನ ಬೀಜ ಗೊಬ್ಬರ. ಕೆಲಸ ತಪ್ಪಿದ ದಿನಗಳ ಕೂಲಿ, ಆಸ್ಪತ್ರೆಯ ವೆಚ್ಚ, ಕೈಗಡದ ಬಡ್ಡಿ ಇವು ಈ ಲೆಕ್ಕದ ಹೊರಗೆ ಉಳಿದವು.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ಚಿಕಿತ್ಸೆ ಅಥವಾ ನೆರವು ಬೇಕಾದವರು 5.7 ಕೋಟಿಗೂ ಹೆಚ್ಚು. ಪ್ರತಿಯೊಬ್ಬನ ಹಿಂದೆಯೂ ಪತ್ನಿ, ಮಕ್ಕಳು, ವೃದ್ಧ ತಾಯಿತಂದೆಯರಿದ್ದಾರೆ. ತಂದೆಯ ಹೆಜ್ಜೆಯ ಸಪ್ಪಳದಿಂದಲೇ ಅವನು ಇಂದು ಕುಡಿದಿದ್ದಾನೋ ಇಲ್ಲವೋ ಎಂದು ಊಹಿಸಲು ಕಲಿತ ಮಗುವಿನ ಮನಸ್ಸು ಪುಸ್ತಕದಲ್ಲಿ ನಿಲ್ಲುವುದಾದರೂ ಹೇಗೆ?

ಈ ಸಂಕಟದ ವಿರುದ್ಧ ದನಿ ಎತ್ತಿದವರಲ್ಲಿ ಮಹಿಳೆಯರೇ ಮುಂದು. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಯಿತು. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ಅವರ ಕಾಲಿನ ಬೊಬ್ಬೆಗಳೇ ಮನೆಮನೆಯ ವ್ಯಥೆಗೆ ಸಾಕ್ಷಿಯಾಗಿದ್ದವು.

ಸಂಕಲ್ಪದ ಮೂರನೆಯ ದಿನ

ಈಗ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಆರು ಎಂಟು ಗಂಟೆಗಳಲ್ಲಿ ಕೈನಡುಕ, ಬೆವರು, ಓಕರಿಕೆ, ಎದೆಬಡಿತ, ನಿದ್ರಾಹೀನತೆ ಆರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆಯ ಸೆಳೆತ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರು ಹೊತ್ತು ಗೊತ್ತು ಮರೆತು, ಇಲ್ಲದ ಮನುಷ್ಯರನ್ನೂ ಹುಳುಗಳನ್ನೂ ಕಂಡು ಕೂಗಾಡುತ್ತಾರೆ, ಜ್ವರ ಏರುತ್ತದೆ. ಇದಕ್ಕೆ ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಸಾವು ಸಂಭವಿಸಬಹುದು.

ಇಂಥ ಸಮಯದಲ್ಲಿ ಮನೆಯವರು ‘ಗಾಳಿ ಸೋಕಿದೆ’ ಎಂದು ತಿಳಿದು ಮಂತ್ರ, ಯಂತ್ರಗಳಿಗಾಗಿ ಅಲೆದು ಅಮೂಲ್ಯ ಕಾಲವನ್ನು ಕಳೆಯುತ್ತಾರೆ. ‘ವ್ರತ ಅವನಿಗೆ ಒಗ್ಗಲಿಲ್ಲ’ ಎಂದು ಮತ್ತೆ ಕುಡಿಸುವವರೂ ಇದ್ದಾರೆ. ಇದು ಗಾಳಿಯೂ ಅಲ್ಲ, ವ್ರತದ ದೋಷವೂ ಅಲ್ಲ. ಮದ್ಯಕ್ಕೆ ಒಗ್ಗಿದ ನರಮಂಡಲವು ಅದು ಹಠಾತ್ತಾಗಿ ಇಲ್ಲವಾದಾಗ ಕೆರಳುವುದರ ಫಲ.

ಬೆಳಿಗ್ಗೆ ಎದ್ದೊಡನೆ ಕುಡಿಯಬೇಕಾಗುವವರು, ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಸೆಳೆತ ಅಥವಾ ಭ್ರಮೆ ಕಂಡವರು, ವೃದ್ಧರು, ಯಕೃತ್ತು ಅಥವಾ ಹೃದಯದ ಕಾಯಿಲೆ ಇರುವವರು ಸಂಕಲ್ಪಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಮೊದಲ ಒಂದು ವಾರ ಆಸ್ಪತ್ರೆಯಲ್ಲಿ ಅಥವಾ ವೈದ್ಯರ ನಿಗಾದಲ್ಲಿ ಇರಬೇಕು. ಸೆಳೆತ, ಭ್ರಮೆ, ಜ್ವರ ಕಂಡರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಈ ಹಂತದಲ್ಲಿ ಆಯುರ್ವೇದ, ಅಲೋಪತಿ ಎಂಬ ಭೇದ ಸಲ್ಲದು. ಪ್ರಾಣರಕ್ಷಣೆಯೇ ಮೊದಲ ಚಿಕಿತ್ಸೆ.

ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಅಲ್ಲದೆ ಪಾದಪಾದವಾಗಿ ಬಿಡಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ಹೇಳುತ್ತದೆ. ಇದನ್ನು ಕೇಳಿ, ‘ಹಾಗಾದರೆ ಇಂದು ಮುಕ್ಕಾಲು ಬಾಟಲಿ, ನಾಳೆ ಅರ್ಧ’ ಎಂದು ತಾವೇ ಅಳೆದುಕೊಂಡು ಕುಡಿಯುವುದು ತರವಲ್ಲ. ಆ ಅಳತೆ ಸಂಜೆಯ ಹೊತ್ತಿಗೆ ಉಳಿಯುವುದಿಲ್ಲ. ಇಂದಿನ ಆಸ್ಪತ್ರೆಯಲ್ಲಿ ಮದ್ಯವನ್ನು ನಿಲ್ಲಿಸಿ, ನರಗಳನ್ನು ಶಾಂತಗೊಳಿಸುವ ಔಷಧಿ ಹಾಗೂ ಥಯಮಿನ್ ಜೀವಸತ್ವವನ್ನು ಕೊಟ್ಟು, ಆ ಔಷಧಿಯನ್ನು ದಿನದಿನಕ್ಕೆ ಇಳಿಸುತ್ತ ಬರುತ್ತಾರೆ. ಪಾದಾಂಶ ಕ್ರಮದ ತಾತ್ಪರ್ಯ ಅಲ್ಲಿ ಕ್ಷೇಮವಾಗಿ ನೆರವೇರುತ್ತದೆ.

ಗುಟ್ಟಿನ ಪುಡಿಯಿಂದ ದೂರವಿರಿ

‘ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ಗೋಡೆಗಳ ಮೇಲೆ, ಬಸ್ಸುಗಳಲ್ಲಿ ಎಲ್ಲರೂ ಕಂಡಿರುತ್ತೀರಿ. ನೊಂದ ತಾಯಂದಿರು ತಾಳಿ ಒತ್ತೆಯಿಟ್ಟು ಇವನ್ನು ಕೊಳ್ಳುವುದುಂಟು. ಹೆಸರು, ಘಟಕ ನಮೂದಿಸದ ಇಂಥ ಪುಡಿಯಲ್ಲಿ ಏನಿದೆ ಎಂಬುದನ್ನು ಮಾರುವವನೂ ಹೇಳಲಾರ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಹೀಗೆ ಗುಟ್ಟಾಗಿ ಕೊಡುವ ಪದ್ಧತಿಯೂ ಇದೆ. ಅದನ್ನು ತೆಗೆದುಕೊಂಡವನು ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿ, ಎದೆಬಡಿತ ಉಂಟಾಗಿ, ರಕ್ತದೊತ್ತಡ ಕುಸಿದು, ಪ್ರಾಣಾಪಾಯವೂ ಆಗಬಹುದು. ರೋಗಿಯ ಅರಿವು, ಒಪ್ಪಿಗೆಗಳೊಡನೆ, ಯಕೃತ್ತು ಹಾಗೂ ಹೃದಯದ ಪರೀಕ್ಷೆಯ ಬಳಿಕವೇ ವೈದ್ಯರು ಕೊಡಬೇಕಾದ ಔಷಧಿ ಅದು. ಅಲ್ಲದೆ ಪ್ರಸಾದವೆಂದು ನಂಬಿ ಉಣ್ಣುವ ಅನ್ನದಲ್ಲಿ ಗುಟ್ಟಾಗಿ ಮದ್ದು ಬೆರೆಸಿದ್ದು ತಿಳಿದರೆ ಮನೆಯಲ್ಲಿ ಅಳಿದುಳಿದ ವಿಶ್ವಾಸವೂ ಹೋಗುತ್ತದೆ.

ನಮ್ಮ ಪದ್ಧತಿಯ ಬಗೆಗೂ ಒಂದು ಎಚ್ಚರಿಕೆ ಅಗತ್ಯ. ದ್ರಾಕ್ಷಾರಿಷ್ಟ, ಅಶ್ವಗಂಧಾರಿಷ್ಟ, ದಶಮೂಲಾರಿಷ್ಟ ಮುಂತಾದ ಆಸವ ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರವು ಸಾಮಾನ್ಯವಾಗಿ ಶೇ. 5ರಿಂದ 12ರವರೆಗೆ ಇರುತ್ತದೆ. ಕುಡಿತ ಬಿಟ್ಟವರು ‘ಆಯುರ್ವೇದದ ಟಾನಿಕ್’ ಎಂದು ಇವನ್ನು ಸೇವಿಸಬಾರದು. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿರುವವರಂತೂ ಮುಟ್ಟಲೇಬಾರದು. ಅವರಿಗೆ ಕಷಾಯ, ಚೂರ್ಣ, ಲೇಹ್ಯಗಳ ರೂಪದಲ್ಲಿಯೇ ಔಷಧಿ ಕೊಡಲು ವೈದ್ಯರನ್ನು ಕೇಳಿಕೊಳ್ಳಬೇಕು.

ಆಹಾರ, ವಿಹಾರ ಮತ್ತು ಲಿಂಗಪೂಜೆ

ಅಪಾಯದ ದಿನಗಳು ಕಳೆದ ಬಳಿಕ ಆಯುರ್ವೇದದ ಪಾತ್ರ ಹಿರಿದು. ಕುಗ್ಗಿದ ಅಗ್ನಿಯನ್ನು ಮೊದಲು ಎಬ್ಬಿಸಬೇಕು. ಹೆಸರುಬೇಳೆಯ ಗಂಜಿ, ತಿಳಿ ಮಜ್ಜಿಗೆ, ಮೆತ್ತಗಿನ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹಸಿವಿಗೆ ತಕ್ಕಂತೆ ಹಾಲು ತುಪ್ಪ ಹಿತಕರ. ಮದ್ಯವಿಕಾರಗಳಿಗೆ ಹೇಳಿದ ಖರ್ಜೂರಾದಿ ಮಂಥವನ್ನು ಮನೆಯಲ್ಲಿ ಸರಳವಾಗಿ ಮಾಡಿಕೊಳ್ಳಬಹುದು. ಖರ್ಜೂರ, ಒಣದ್ರಾಕ್ಷಿ, ದಾಳಿಂಬೆ, ನೆಲ್ಲಿಕಾಯಿಗಳನ್ನು ತುಸು ಹುಣಸೆಹಣ್ಣಿನೊಡನೆ ತಣ್ಣೀರಿನಲ್ಲಿ ನೆನೆಸಿ, ಕಿವುಚಿ, ಕಡೆದು, ಸೋಸಿ ಕುಡಿಯುವುದು. ಮಧುಮೇಹಿಗಳಿಗೆ ಮಾತ್ರ ಇದು ಸಲ್ಲದು. ವಾರಕ್ಕೆರಡು ಬಾರಿ ಎಳ್ಳೆಣ್ಣೆಯ ಅಭ್ಯಂಗ, ಸಂಜೆಯ ನಡಿಗೆ, ಹೊತ್ತಿಗೆ ಸರಿಯಾದ ನಿದ್ರೆ ವಾತವನ್ನು ಶಮನಗೊಳಿಸುತ್ತವೆ.

ತಂಬಾಕನ್ನು ಒಂದು ನಿಶ್ಚಿತ ದಿನ ಪೂರ್ಣವಾಗಿ ನಿಲ್ಲಿಸಬಹುದು. ಇದರಲ್ಲಿ ಮದ್ಯದಂತಹ ಪ್ರಾಣಾಪಾಯವಿಲ್ಲ. ಸಿಡುಕು, ಚಡಪಡಿಕೆಗಳು ಮೊದಲ ಎರಡು ಮೂರು ದಿನ ಹೆಚ್ಚಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಬಾಯಿ ಬೇಡಿದಾಗ ಅಡಿಕೆಯ ಬದಲು ಸೋಂಪು, ಏಲಕ್ಕಿ, ಲವಂಗ, ಒಣನೆಲ್ಲಿಕಾಯಿಗಳನ್ನು ಬಳಸಬಹುದು. ಚಪಲದ ಅಲೆ ಏಳುವುದು ಕೆಲವೇ ನಿಮಿಷಗಳ ಕಾಲ. ಆ ಹೊತ್ತನ್ನು ದಾಟಿದರೆ ಅದು ತಾನೇ ಇಳಿಯುತ್ತದೆ. ಒಂದು ಲೋಟ ನೀರು ಕುಡಿದು, ಇದ್ದ ಜಾಗದಿಂದ ಎದ್ದು ನಡೆಯುವುದು ಉತ್ತಮ ಉಪಾಯ.

ಲಿಂಗಾಂಗಿಗಳಾದ ನಮಗೆ ಇನ್ನೂ ದೊಡ್ಡ ಆಸರೆಯಿದೆ. ಶರೀರವನ್ನೇ ಗುಡಿಯಾಗಿ ಕಂಡ ಶರಣ ಪರಂಪರೆ ನಮ್ಮದು. ಚಪಲ ಹೆಚ್ಚುವ ಸಂಜೆಯ ಹೊತ್ತಿನಲ್ಲಿಯೇ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ದೃಷ್ಟಿಯನ್ನು ನೆಟ್ಟು, ಉಸಿರನ್ನು ನಿಧಾನಗೊಳಿಸಿ ಕುಳಿತರೆ ಮುರಿದ ಧೃತಿಯು ಮತ್ತೆ ಕೂಡಿಕೊಳ್ಳಲು ನೆರವಾಗುತ್ತದೆ. ಪೂಜೆಯು ಔಷಧಿಗೆ ಬದಲಿಯಲ್ಲ, ಔಷಧಿಯು ಪೂಜೆಗೆ ಬದಲಿಯಲ್ಲ. ಎರಡೂ ಕೂಡಿಯೇ ನಡೆಯಲಿ.

ಮನೆಯವರು ಮಾಡಬೇಕಾದುದು

ಕುಡಿದು ಬಂದ ಹೊತ್ತಿನಲ್ಲಿ ಬುದ್ಧಿ ಹೇಳಬಾರದು. ಮರುದಿನ ಅಮಲಿಳಿದಾಗ, ಬೈಯದೆ, ಆದದ್ದನ್ನು ಆದಂತೆಯೇ ಹೇಳಬೇಕು. ಅವನ ಸಾಲವನ್ನು ಗುಟ್ಟಾಗಿ ತೀರಿಸುವುದು, ಕೆಲಸಕ್ಕೆ ಹೋಗದಿದ್ದಾಗ ‘ಜ್ವರ’ ಎಂದು ಸುಳ್ಳು ಹೇಳಿ ಕಳುಹಿಸುವುದು ಪ್ರೀತಿಯಂತೆ ಕಂಡರೂ ಚಟಕ್ಕೆ ನೀರೆರೆಯುವ ಕೆಲಸ. ಹೊಡೆತ ಬಡಿತಗಳಾಗುವ ಮನೆಯಲ್ಲಿ ಪತ್ನಿ, ಮಕ್ಕಳ ಸುರಕ್ಷತೆಯೇ ಮೊದಲು, ಸಹಿಸಿಕೊಂಡಿರುವುದು ಧರ್ಮವಲ್ಲ.

‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತನ್ನು ಹಿರಿಯರು ದಯವಿಟ್ಟು ಕೈಬಿಡಬೇಕು. ಮದುವೆ ಮದಾತ್ಯಯಕ್ಕೆ ಮದ್ದಲ್ಲ. ಚಟವನ್ನು ಮರೆಮಾಚಿ ಹೆಣ್ಣು ತರುವುದರಿಂದ ಒಬ್ಬ ರೋಗಿಯಿದ್ದ ಮನೆಯಲ್ಲಿ ಇಬ್ಬರ ಬಾಳು ಕೆಡುತ್ತದೆ. ಮೊದಲು ಚಿಕಿತ್ಸೆ, ಬಳಿಕ ಮದುವೆ.

ಬಿಟ್ಟವನು ಮತ್ತೆ ಜಾರಿದರೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ಮದ್ಯ ಬಿಟ್ಟಿದ್ದವನು ಇದ್ದಕ್ಕಿದ್ದಂತೆ ಮತ್ತೆ ಅತಿಯಾಗಿ ಕುಡಿದಾಗ ಬರುವ ಧ್ವಂಸಕ, ವಿಕ್ಷಯಗಳೆಂಬ ಎರಡು ವಿಕಾರಗಳನ್ನು ಚರಕರು ಪ್ರತ್ಯೇಕವಾಗಿ ಹೇಳಿದ್ದಾರೆ. ಅಂದರೆ ಜಾರುವಿಕೆಯು ಅಂದಿನಿಂದಲೂ ವೈದ್ಯರು ಬಲ್ಲ ಸಂಗತಿ. ಅಫೀಮಿನ ಜಾತಿಯ ಮಾದಕಗಳಲ್ಲಂತೂ ಬಿಟ್ಟ ಬಳಿಕ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಂತು ಸಾವು ಬರಬಹುದು. ಜಾರಿದವನನ್ನು ಹಂಗಿಸದೆ ಮರುದಿನವೇ ಚಿಕಿತ್ಸೆಗೆ ಕರೆತನ್ನಿ.

ನೆರವು ದೂರವಿಲ್ಲ. ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ, ಮದ್ಯವರ್ಜನ ಶಿಬಿರಗಳು, ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗಗಳು ಇವೆ. ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446, ತಂಬಾಕು ಬಿಡಲು 1800-11-2356 ಇವುಗಳಿಗೆ ಉಚಿತವಾಗಿ ಕರೆ ಮಾಡಬಹುದು.

ಜೋಳಿಗೆಯ ಆದರ್ಶ

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿ ಊರೂರು, ಓಣಿ ಓಣಿಗಳಲ್ಲಿ ನಡೆದರು. ಅವರು ಬೇಡಿದ್ದು ಹಣವನ್ನಲ್ಲ, ಧಾನ್ಯವನ್ನಲ್ಲ, ದುಶ್ಚಟಗಳ ಭಿಕ್ಷೆಯನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಸ್ವಾಮಿಗಳು ಕುಡುಕನ ಮನೆಯ ಬಾಗಿಲಿಗೆ ತಾವೇ ಹೋದರೆಂಬುದನ್ನು ನಾವು ನೆನೆಯಬೇಕು. ಹೆಂಡ ಮಾರುವ ಕಾಯಕದಲ್ಲಿದ್ದ ಮಾರಯ್ಯನನ್ನೂ 12ನೆಯ ಶತಮಾನದ ಶರಣ ಸಂಕುಲವು ತನ್ನವನೆಂದು ಅಪ್ಪಿಕೊಂಡಿತ್ತು. ಚಟವನ್ನು ದೂರವಿಡುವುದು, ಮನುಷ್ಯನನ್ನು ಹತ್ತಿರ ಕರೆಯುವುದು ಶರಣರ ದಾರಿ.

ಆದುದರಿಂದ ಈ ಶ್ರಾವಣದಲ್ಲಿ ಜೋಳಿಗೆಗೆ ಚಟವನ್ನು ಹಾಕಲಿರುವ ಸದ್ಭಕ್ತರು ಮೊದಲು ವೈದ್ಯರ ಬಳಿಗೆ ಹೋಗಿ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಿ ಬರಲಿ. ಅವರ ಜೊತೆಗೆ ಮನೆಯಿಂದ ಒಬ್ಬರು, ಓಣಿಯಿಂದ ಒಬ್ಬರು ಮೊದಲ ಹತ್ತು ದಿನ ಇರಲಿ. ಊರಿನ ಜಾತ್ರೆ, ಮದುವೆ, ಚುನಾವಣೆಗಳಲ್ಲಿ ಮದ್ಯ ಹಂಚುವುದಿಲ್ಲವೆಂದು ಹಿರಿಯರು ನಿಶ್ಚಯಿಸಲಿ. ಮುಂದಿನ ಶ್ರಾವಣಕ್ಕೆ ಅದೇ ಭಕ್ತರು ಮತ್ತೊಬ್ಬ ವ್ಯಸನಿಯ ಕೈಹಿಡಿದು ಮಠಕ್ಕೆ ಕರೆತರುವಂತಾದರೆ ಅದಕ್ಕಿಂತ ದೊಡ್ಡ ದಾಸೋಹ ಬೇರೊಂದಿಲ್ಲ.